ಒಂದೇ ಪೆಟ್ಟಿಗೆ, ಎರಡು ಸಾಲು

೨೦೦೬ನೇ ಇಸವಿ ನವೆಂಬರ್ ೧೬, ಗುರುವಾರ. ಬೆಳಿಗ್ಗೆ ಎಂಟೂವರೆಗೆ ಕರಂಗ್‌ತಿರ್ತೊ ಪೊಲೀಸ್ ಠಾಣೆಗೆ ಬಂದ ಹೆಂಗಸು ದೂರು ಕೊಡಲು ಬಂದವಳಲ್ಲ, ಊಟ ಕೊಡಲು ಬಂದವಳು. ಕೈಯಲ್ಲಿ ಮೂರು ಅಂತಸ್ತಿನ ಟಿಫಿನ್ ಕ್ಯಾರಿಯರ್ ಇತ್ತು. ಬಿಸಿ ಅನ್ನದ ಹಬೆಗೆ ಅದರ ಮುಚ್ಚಳ ಬೆವರಿತ್ತು.

"ತಮ್ಮನಿಗೆ ತಂದಿದೀನಿ, ಪಾಕ್. ರಾತ್ರಿನೇ ಬಿಡ್ತೀರೇನೋ ಅಂತ ಕಾದೆ. ಬಿಡ್ಲಿಲ್ಲ. ಅವನಿಗೆ ಖಾರ ಹೆಚ್ಚಾದ್ರೆ ಆಗಲ್ಲ, ಅದಕ್ಕೆ ಸಾಂಬಾಲ್ ಚಟ್ನಿ ಬೇರೆ ಇಟ್ಟಿದೀನಿ."

ಈ ಸೀಮೆಯಲ್ಲಿ ಗಂಡಸರನ್ನು ಗೌರವದಿಂದ ಪಾಕ್, ಹಿರಿಯ ಹೆಂಗಸರನ್ನು ಬು, ಕಿರಿಯರನ್ನು ಮ್ಬಾಕ್ ಎನ್ನುತ್ತಾರೆ. ಮೇಜಿನ ಹಿಂದಿದ್ದ ಪೇದೆ ಸರ್ವೊನೊ ಲಾಕಪ್ಪಿನತ್ತ ತಿರುಗಿ ನೋಡಿದ. ಅಲ್ಲಿದ್ದವರು ಇಬ್ಬರು. ಒಬ್ಬ ಆಡು ಕದ್ದವನು, ಇನ್ನೊಬ್ಬ ಕುಡಿದು ಸೇತುವೆಯ ಮೇಲೆ ಮಲಗಿದ್ದವನು. ಇಬ್ಬರೂ ಐವತ್ತು ದಾಟಿದವರು.

"ಯಾವ ತಮ್ಮ?"

"ತುಲುಸ್ ಅಂತ. ಮೆಲಾತಿ ಇಂಟರ್ನೆಟ್ ಅಂಗಡೀಲಿ ಕೆಲಸ ಮಾಡ್ತಾನೆ. ನಿನ್ನೆ ನೀವು ರೇಡ್ ಮಾಡಿ ಹಿಡ್ಕೊಂಡು ಬಂದ್ರಲ್ಲ."

"ನಿನ್ನೆ ನಾವು ಯಾವ ರೇಡೂ ಮಾಡಿಲ್ಲ, ಮ್ಬಾಕ್."

ಹೆಂಗಸು ನಕ್ಕಳು. ಈ ಸೀಮೆಯ ಜನ ಹೆದರಿದಾಗಲೂ ಮೊದಲು ನಗುತ್ತಾರೆ, ಅವಮಾನವಾದಾಗಲೂ ಮೊದಲು ನಗುತ್ತಾರೆ. ನಗು ಇಳಿಯುವವರೆಗೆ ಕಾದರೆ ಮಾತ್ರ ಒಳಗಿರುವುದು ಹೊರಬರುತ್ತದೆ. ಅವಳ ನಗು ಇಳಿಯಿತು. ಕ್ಯಾರಿಯರನ್ನು ನೆಲಕ್ಕಿಟ್ಟು, ಅದರ ಪಕ್ಕದಲ್ಲೇ ಕುಳಿತುಬಿಟ್ಟಳು.

"ಹಾಗಾದ್ರೆ ನನ್ನ ತಮ್ಮ ಎಲ್ಲಿ?"

ಒಳಗಿನ ಕೋಣೆಯಲ್ಲಿದ್ದ ಇನ್ಸ್‌ಪೆಕ್ಟರ್ ಸಸ್ಮಿತೊಗೆ ಈ ಮಾತು ಕೇಳಿಸಿತು. ಅವನು ಈ ಠಾಣೆಗೆ ಬಂದು ನಾಲ್ಕು ತಿಂಗಳಾಗಿತ್ತು. ಕಳ್ಳತನ, ಕುಡಿತ, ಗಂಡಹೆಂಡಿರ ಜಗಳ ಬಿಟ್ಟರೆ ಬೆಟ್ಟದ ಬುಡದ ಈ ಊರಿನಲ್ಲಿ ಅವನಿಗೆ ಬೇರೆ ಕೆಲಸ ಬಿದ್ದಿರಲಿಲ್ಲ. ರೇಡ್ ಆಗಿದೆ, ಮಾಡಿದವರು ತಾವಲ್ಲ ಎಂದರೆ ಏನರ್ಥವೆಂದು ಅವನಿಗೆ ತಕ್ಷಣ ಹೊಳೆಯಿತು. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಊರು ಹೇಳುತ್ತದೆ. ಮೇಯ್ದದ್ದು ಈ ಬೇಲಿಯಲ್ಲ ಎಂದರೆ ನಂಬುವವರು ಯಾರು?

ಹೆಂಗಸಿನ ಹೆಸರು ವೆನಿಂಗ್, ವಯಸ್ಸು ಇಪ್ಪತ್ತೇಳು, ಬಟ್ಟೆ ಹೊಲಿಯುವ ಕೆಲಸ. ಅಪ್ಪ ಅಮ್ಮ ಇಲ್ಲ, ಮನೆಯಲ್ಲಿ ಅವಳು ಮತ್ತು ತಮ್ಮ ಇಬ್ಬರೇ. ತಮ್ಮನಿಗೆ ಇಪ್ಪತ್ತೆರಡು.

"ಎಷ್ಟು ಜನ ಬಂದಿದ್ರು?" ಸಸ್ಮಿತೊ ಹೊರಗೆ ಬಂದು ಕೇಳಿದ.

"ಒಬ್ಬರೇ ಅಂತೆ. ಅಂಗಡಿ ಯಜಮಾನಿ ಬು ಪಾರ್ಮಿ ಹೇಳಿದ್ದು. ಮಧ್ಯಾಹ್ನದ ನಮಾಜ್ ಮುಗಿದ ಮೇಲೆ."

"ಸಮವಸ್ತ್ರ?"

"ಜಾಕೆಟ್ಟು. ಬೆನ್ನ ಮೇಲೆ ಪೊಲೀಸ್ ಅಂತ ಬರೆದಿತ್ತಂತೆ. ಒಂದು ಕಂಪ್ಯೂಟರ್ ಪೆಟ್ಟಿಗೆ, ಜೊತೆಗೆ ನನ್ನ ತಮ್ಮ. ಎರಡನ್ನೂ ಪಿಕಪ್ ಗಾಡೀಲಿ ಹಾಕ್ಕೊಂಡು ಹೋದ್ರಂತೆ."

"ಕಾಗದ ಏನಾದ್ರೂ ತೋರಿಸಿದ್ರಾ?"

"ಪೊಲೀಸರನ್ನ ಕಾಗದ ಕೇಳೋರು ಯಾರಿದ್ದಾರೆ, ಪಾಕ್?"

ಸಸ್ಮಿತೊ ನಗರದ ಠಾಣೆಗೆ ಫೋನ್ ಮಾಡಿ ವಿಚಾರಿಸಿದ. ಅವರೂ ಯಾರನ್ನೂ ಕಳಿಸಿರಲಿಲ್ಲ. ಪೊಲೀಸ್ ವೇಷ ಧರಿಸಿ ಅಪಹರಣ ಮಾಡಿದ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು. ಬರೆದವಳು ಮಹಿಳಾ ಪೇದೆ ಎಂದಾಹ್. ಅವಳು ಪೊಲೀಸಿಗೆ ಸೇರುವ ಮೊದಲು ತಾಂತ್ರಿಕ ಶಾಲೆಯಲ್ಲಿ ಕಂಪ್ಯೂಟರ್ ಕಲಿತವಳು. ಠಾಣೆಯಲ್ಲಿ ಪ್ರಿಂಟರ್ ಕೆಟ್ಟರೂ ಅವಳನ್ನೇ ಕರೆಯುತ್ತಿದ್ದರು, ಫ್ಯಾನ್ ಕೆಟ್ಟರೂ ಅವಳನ್ನೇ ಕರೆಯುತ್ತಿದ್ದರು.

ಮೆಲಾತಿ ಅಂಗಡಿ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿತ್ತು. ಸ್ಥಳ ಮಹಜರಿಗೆ ಹೋದಾಗ ಶಟರ್ ಅರ್ಧ ಎಳೆದಿತ್ತು. ಒಳಗೆ ಪ್ಲೈವುಡ್ ಅಡ್ಡಗೋಡೆಗಳ ನಡುವೆ ಹತ್ತು ಕಂಪ್ಯೂಟರ್‌ಗಳ ಜಾಗ. ಒಂದು ಜಾಗ ಖಾಲಿ, ತಂತಿಗಳು ಮಾತ್ರ ಜೋತುಬಿದ್ದಿದ್ದವು. ಗಾಜಿನ ಬಾಗಿಲ ಮೇಲೆ "ಇಲ್ಲಿ ಕದ್ದ ಸಾಫ್ಟ್‌ವೇರ್ ಇಲ್ಲ" ಎಂಬ ಹಳದಿ ಸ್ಟಿಕ್ಕರ್.

ಬು ಪಾರ್ಮಿ ಐವತ್ತರ ಆಸುಪಾಸಿನವಳು. ಅತ್ತು ಕಣ್ಣು ಊದಿತ್ತು. ಸಸ್ಮಿತೊ ಇನ್ನೂ ಟೋಪಿ ತೆಗೆದಿರಲಿಲ್ಲ, ಅಷ್ಟರಲ್ಲಿ ಅವಳೇ ಶುರುಮಾಡಿದಳು.

"ನನ್ನ ಅಂಗಡೀಲಿ ಪೆಂಗ್ವಿನ್ ಒಂದೇ ಇರೋದು, ಪಾಕ್. ಆ ಹಕ್ಕಿ ಗುರುತಿನ, ದುಡ್ಡಿಲ್ಲದೆ ಸಿಗೋ ಲಿನಕ್ಸು. ಕದ್ದ ವಿಂಡೋಸು ಪಂಡೋಸು ಏನೂ ಇಲ್ಲ. ಸ್ಟಿಕ್ಕರ್ ನೋಡಿ ಬೇಕಾದ್ರೆ."

"ನಾನು ಕೇಳಿದ್ನಾ, ಬು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಕತೆ. ಸಸ್ಮಿತೊ ನಗಲಿಲ್ಲ, ನಗುವ ಹೊತ್ತೂ ಆಗಿರಲಿಲ್ಲ. ಎಂದಾಹ್ ಒಂದೊಂದೇ ಪರದೆ ಬೆಳಗಿಸುತ್ತ ಬಂದಳು. ನಿನ್ನೆಯಿಂದ ಯಾರೂ ಯಂತ್ರಗಳನ್ನು ಆರಿಸಿರಲಿಲ್ಲ. ಎಂಟು ಪರದೆಗಳಲ್ಲಿ ಪೆಂಗ್ವಿನ್ ಕುಳಿತಿತ್ತು. ಬಾಗಿಲ ಪಕ್ಕದ ಒಂದನೇ ನಂಬರಿನಲ್ಲಿ ಮಾತ್ರ ನೀಲಿ ಆಕಾಶ, ಹಸಿರು ಗುಡ್ಡದ ವಿಂಡೋಸ್. ಬು ಪಾರ್ಮಿಯ ಮುಖ ಇಳಿಯಿತು.

"ಇದರ ಗಡಿಯಾರ ಏಳು ಗಂಟೆ ಹಿಂದಿದೆಯಲ್ಲ, ಬು," ಎಂದಳು ಎಂದಾಹ್.

"ಹಳೇ ಮಿಷನ್ನು ಮಗಳೇ. ಬ್ಯಾಟರಿ ಹೋಗಿರ್ಬೇಕು."

"ಬ್ಯಾಟರಿ ಹೋದ್ರೆ ವರ್ಷಾನೇ ತಪ್ಪುತ್ತೆ. ಲೆಕ್ಕ ಇಟ್ಟ ಹಾಗೆ ಏಳೇ ಗಂಟೆ ತಪ್ಪಲ್ಲ."

ಎಂದಾಹ್ ಇನ್ಸ್‌ಪೆಕ್ಟರನ್ನು ಮೂಲೆಗೆ ಕರೆದು ಬಿಡಿಸಿ ಹೇಳಿದಳು. "ಒಂದೇ ಪೆಟ್ಟಿಗೇಲಿ ಎರಡು ವ್ಯವಸ್ಥೆ ಹಾಕಿದ್ರೆ ಹೀಗಾಗುತ್ತೆ, ಪಾಕ್. ಒಳಗಿರೋ ಗಡಿಯಾರ ಒಂದೇ, ಓದೋರು ಇಬ್ಬರು. ಪೆಂಗ್ವಿನ್ ಅದನ್ನ ಲಂಡನ್ ಟೈಮಿಗೆ ತಿರುಗಿಸಿಟ್ಟು, ನಮಗೆ ತೋರಿಸುವಾಗ ಏಳು ಗಂಟೆ ಸೇರಿಸಿ ತೋರಿಸುತ್ತೆ. ವಿಂಡೋಸ್‌ಗೆ ಆ ಲೆಕ್ಕ ಗೊತ್ತಿಲ್ಲ, ಇದ್ದದ್ದನ್ನ ಹಾಗೇ ಓದುತ್ತೆ. ಅಂದ್ರೆ ಈ ಮಿಷನ್ ಮೊದಲು ಪೆಂಗ್ವಿನ್ ಆಗಿ ಎದ್ದಿದೆ. ಆಮೇಲೆ ಯಾರೋ ಆರಿಸಿ, ಬೇಕಂತಲೇ ವಿಂಡೋಸ್ ಎಬ್ಬಿಸಿದ್ದಾರೆ."

"ಯಾರು?"

"ಅದನ್ನ ಬು ಪಾರ್ಮಿನೇ ಹೇಳ್ಬೇಕು."

ಸಸ್ಮಿತೊ ಒಂದು ಸ್ಟೂಲ್ ಎಳೆದುಕೊಂಡು ಯಜಮಾನಿಯ ಎದುರಿಗೆ ಕುಳಿತ. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ.

"ಬು, ನಾನು ಹುಡುಗನ್ನ ಹುಡುಕೋಕೆ ಬಂದಿರೋದು. ಪೆಟ್ಟಿಗೆ ಒಳಗೆ ಏನಿದೆ ಅನ್ನೋದು ನನಗೆ ಬೇಕಿಲ್ಲ."

"ಈಗ ಬೇಕಿಲ್ಲ ಅಂತೀರ. ನಾಳೆ?"

"ನಾಳೆ ಅನ್ನೋದು ಹುಡುಗ ಸಿಕ್ಕಿದ ಮೇಲೆ."

"ಹೇಳಿದ್ರೆ ನನ್ನ ಅಂಗಡಿ ಮುಚ್ಚುತ್ತೆ, ಪಾಕ್. ನಂದೊಂದೇ ಅಲ್ಲ, ಈ ಸಾಲಲ್ಲಿ ಎಲ್ಲರದ್ದೂ. ಎಲ್ಲಾ ಕಡೆ ಹಾಕಿಕೊಟ್ಟವನು ತುಲುಸೇ. ಹೇಳದೆ ಇದ್ರೆ..." ಅವಳು ಖಾಲಿ ಜಾಗದತ್ತ ನೋಡಿದಳು. ಅತ್ತ ದರಿ ಇತ್ತ ಪುಲಿ ಎಂಬ ಮಾತು ಅವಳ ಪಾಲಿಗೆ ಆ ಬೆಳಿಗ್ಗೆ ಗಾದೆಯಾಗಿ ಉಳಿದಿರಲಿಲ್ಲ. ಕೊನೆಗೆ ಹೇಳಿದಳು.

ಆಟವಾಡುವ ಗಿರಾಕಿಗಳಿಗೆ ವಿಂಡೋಸ್ ಬೇಕು, ಪೊಲೀಸರಿಗೆ ಪೆಂಗ್ವಿನ್ ಬೇಕು. ತುಲುಸ್ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂರಿಸಿದ್ದ. ಯಂತ್ರ ಏಳುವಾಗ ಕಪ್ಪು ಪರದೆಯ ಮೇಲೆ ಎರಡು ಸಾಲು ಬರುತ್ತವೆ. ಮೇಲಿನದು ಪೆಂಗ್ವಿನ್, ಕೆಳಗಿನದು ವಿಂಡೋಸ್. ಯಾರೂ ಏನೂ ಒತ್ತದಿದ್ದರೆ ಸ್ವಲ್ಪ ಹೊತ್ತಿಗೆ ಪೆಂಗ್ವಿನ್ ತಾನಾಗಿ ಏಳುತ್ತದೆ. ಬೀದಿಯಲ್ಲಿ ಪೊಲೀಸ್ ಕಂಡ ಕೂಡಲೇ ತುಲುಸ್ ಬಾಗಿಲ ಬಳಿಯ ಮೇನ್ ಸ್ವಿಚ್ ಎಳೆದು "ಕರೆಂಟ್ ಹೋಯ್ತು" ಎಂದು ಕೂಗುವನು. ಗಿರಾಕಿಗಳು ಹಿಂಬಾಗಿಲಿನಿಂದ ಜಾಗ ಖಾಲಿ ಮಾಡುವರು. ಪೊಲೀಸರು ಒಳಗೆ ಬರುವಾಗ ಸ್ವಿಚ್ ಮೇಲೆ. ಹತ್ತು ಪರದೆಗಳಲ್ಲಿ ಹತ್ತು ಪೆಂಗ್ವಿನ್ ಎದ್ದು ನಿಲ್ಲುತ್ತಿದ್ದವು. ಪೊಲೀಸರು ಚಹಾ ಕುಡಿದು ಹೋಗುತ್ತಿದ್ದರು. ಕರೆಂಟ್ ದಿನವೂ ಹೋಗುವ ಊರಿನಲ್ಲಿ ಇದನ್ನು ಅನುಮಾನಿಸುವವರೂ ಇರಲಿಲ್ಲ.

"ನಿನ್ನೆ ಏನಾಯ್ತು?"

"ನಾನು ಹಿಂದೆ ಅಡುಗೆಮನೇಲಿ ಬಾಳೆಹಣ್ಣು ಕರೀತಿದ್ದೆ. ಪರದೆ ಸಂದೀಲಿ ನೋಡಿದ್ದು. ಬೆನ್ನು ಕಾಣ್ತಿತ್ತು, ಮುಖ ಕಾಣ್ಲಿಲ್ಲ. ಸ್ವಿಚ್ ಎಳೆದಿದ್ದೂ ಆಯ್ತು, ಪೆಂಗ್ವಿನ್ ಬಂದಿದ್ದೂ ಆಯ್ತು. ಆ ಮನುಷ್ಯ ನೋಡ್ದ. ನೋಡಿ ಹೋಗ್ಲಿಲ್ಲ. 'ಇದನ್ನ ಇನ್ನೊಂದು ಸಲ ಆರಿಸಿ ಹಚ್ಚಿ' ಅಂದ. ಆಮೇಲೆ ತಾನೇ ಬಗ್ಗಿ ಕೆಳಗಿನ ಸಾಲು ಒತ್ತಿದ."

"ಬೈದ್ನಾ? ಹೊಡೆದ್ನಾ?"

"ಇಲ್ಲ, ಅದೇ ವಿಚಿತ್ರ. ದನಿ ಮೆತ್ತಗಿತ್ತು. ತುಲುಸ್‌ಗೆ 'ತಾವು' ಅಂತಿದ್ದ. 'ತಾವು ನನ್ನ ಜೊತೆ ಬರಬೇಕಾಗ್ತದೆ' ಅಂದ. ಇಂಟರ್ನೆಟ್ ಅಂಗಡಿ ಹುಡುಗನಿಗೆ ತಾವು ಅನ್ನೋ ಪೊಲೀಸ್ನ ನಾನು ಹುಟ್ಟಿದಾಗಿಂದ ಕಂಡಿಲ್ಲ."

ಬರೆದುಕೊಳ್ಳುತ್ತಿದ್ದ ಎಂದಾಹಳ ಕೈ ಅಲ್ಲಿಗೆ ನಿಂತಿತು. ಸಸ್ಮಿತೊ ಅದನ್ನು ಗಮನಿಸಿದ, ಆದರೆ ಯಜಮಾನಿಯ ಎದುರಿಗೆ ಏನೂ ಕೇಳಲಿಲ್ಲ.

ಎದುರು ಬದಿಯ ಕಾಫಿ ಗೂಡಂಗಡಿಯವಳು ಗಿನಾ. ಹೊಸದಾಗಿ ಅಂಗಡಿ ಇಟ್ಟವಳು. ಊರಿನ ಪೊಲೀಸರ ಮುಖ ಇನ್ನೂ ಪರಿಚಯವಾಗಿರಲಿಲ್ಲ.

"ಮೊದ್ಲು ನನ್ನ ಹತ್ರನೇ ಬಂದು ಕೂತ್ರು, ಪಾಕ್. ಅರವತ್ತರ ಹತ್ರ ಇರ್ಬೇಕು, ಬಿಳೀ ಮೀಸೆ. ಕಾಫಿ ಕೇಳಿದ್ರು. ಕುಡೀತಾ ಇರುವಾಗ ಆ ಅಂಗಡೀಲಿ ಕರೆಂಟ್ ಹೋಯ್ತು. ಅವರು ತಲೆ ಎತ್ತಿ ನನ್ನ ಬಲ್ಬ್ ನೋಡಿದ್ರು. ಉರೀತಾನೇ ಇತ್ತು. 'ನಿಮ್ಮ ಬಲ್ಬ್ ಯಾಕೆ ಆರಲಿಲ್ಲ, ಮ್ಬಾಕ್?' ಅಂದ್ರು. ನಂಗೇನು ಗೊತ್ತು ಅಂದೆ."

"ನಕ್ರಾ?"

"ಇಲ್ಲ. ಕಣ್ಣು ಒರೆಸ್ಕೊಂಡ್ರು. ಕಾಫಿ ಪೂರ್ತಿ ಕುಡೀಲೂ ಇಲ್ಲ."

"ಗಾಡಿ?"

"ಪಿಕಪ್ಪು. ಹಿಂದೆ ಕೋಸಿನ ಎಲೆ ಬಿದ್ದಿತ್ತು. ಮೇಲಿನ ಹಳ್ಳಿ ಕಡೆಯದ್ದು."

ಜೀಪಿನಲ್ಲಿ ಕುಳಿತ ಮೇಲೆ ಸಸ್ಮಿತೊ ಎಂದಾಹಳತ್ತ ತಿರುಗಿದ.

"ಹೇಳು."

"ಪಾಕ್ ದರ್ಮೊಜೊ," ಎಂದಳು. "ನೀವು ಬರೋಕೆ ಮೊದಲು ನಮ್ಮ ಠಾಣೆಯ ಎರಡನೇ ಅಧಿಕಾರಿ. ನಿವೃತ್ತಿ ಆಯ್ತು. ಕಳ್ಳರಿಗೂ ತಾವು ಅಂತಿದ್ದವರು ಅವರೊಬ್ಬರೇ. ಮನೆ ಸುಂಬರ್‌ಪಿತು ಹಳ್ಳೀಲಿ, ಮೇಲೆ."

ಠಾಣೆಯಲ್ಲಿ ಜೂನ್ ತಿಂಗಳ ಪಂಚನಾಮೆ ಸಿಕ್ಕಿತು. ಮೆಲಾತಿ ಅಂಗಡಿಯ ಹತ್ತೂ ಯಂತ್ರಗಳನ್ನು ಪರಿಶೀಲಿಸಲಾಗಿ ಕದ್ದ ಸಾಫ್ಟ್‌ವೇರ್ ಕಂಡುಬಂದಿಲ್ಲ ಎಂದು ಬರೆದು ದರ್ಮೊಜೊ ಸಹಿ ಹಾಕಿದ್ದರು. ಅದರ ಹಿಂದಿನ ಕತೆ ಕಾಗದದಲ್ಲಿರಲಿಲ್ಲ. ಸರ್ವೊನೊ ಹೇಳಿದ. ದರ್ಮೊಜೊಗೆ ಖಚಿತ ಸುಳಿವು ಸಿಕ್ಕಿತ್ತು. ನಿವೃತ್ತಿಗೆ ಮುಂಚೆ ಕೊನೆಯದೊಂದು ಒಳ್ಳೆಯ ಕೇಸ್ ಮಾಡಬೇಕೆಂಬ ಆಸೆ. ಮೇಲಧಿಕಾರಿಗೆ ಹೇಳಿ, ಪತ್ರಿಕೆಯವನನ್ನೂ ಕರೆದುಕೊಂಡು ಹೋದರು. ಅಂದು ಬು ಪಾರ್ಮಿ ಅಂಗಡಿಯಲ್ಲಿರಲಿಲ್ಲ, ತುಲುಸ್ ಒಬ್ಬನೇ ಇದ್ದ. ಎಲ್ಲರ ಎದುರಿಗೆ ಹತ್ತು ಪೆಂಗ್ವಿನ್ ಎದ್ದವು. ಪತ್ರಿಕೆಯವನು ಮೊದಲು ನಕ್ಕ, ಆಮೇಲೆ ಪೇದೆಗಳು, ಆಮೇಲೆ ಬೀದಿ. ಅಂದಿನಿಂದ ಊರೆಲ್ಲ ಅವರನ್ನು ಪೆಂಗ್ವಿನ್ ಪಾಕ್ ಎಂದು ಕರೆಯತೊಡಗಿತು. ಅವರ ಹಳ್ಳಿಯಲ್ಲಿ ರಾತ್ರಿ ಗಸ್ತಿನವರು ಕೂಡ ಅವರ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದರು.

"ಅಷ್ಟೇನಾ?" ಸಸ್ಮಿತೊ ಕೇಳಿದ.

ಸರ್ವೊನೊ ಎಂದಾಹಳತ್ತ ನೋಡಿದ. ಅವಳು ಕಿಟಕಿಯತ್ತ ನೋಡಿದಳು.

"ಬೀಳ್ಕೊಡುಗೆ ದಿನ ನಾವೆಲ್ಲ ಸೇರಿ ಅವರಿಗೊಂದು ಬೊಂಬೆ ಕೊಟ್ವಿ," ಎಂದಳು. "ಪೆಂಗ್ವಿನ್ ಬೊಂಬೆ. ತಮಾಷೆಗೆ. ಅಂಗಡಿಗೆ ಹೋಗಿ ಆರಿಸಿ ತಂದವಳು ನಾನೇ."

"ಅವರು ಏನಂದ್ರು?"

"ನಕ್ಕರು, ಪಾಕ್. ಎಲ್ಲರಿಗಿಂತ ಜೋರಾಗಿ ನಕ್ಕರು."

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಬೆಕ್ಕು ಯಾವುದು, ಇಲಿ ಯಾವುದು ಎಂದು ಹೇಳುವುದೇ ಸಸ್ಮಿತೊಗೆ ಕಷ್ಟವಾಯಿತು. ಒಂದು ಮಾತ್ರ ಸ್ಪಷ್ಟವಿತ್ತು. ನಕ್ಕವರು ಇಡೀ ಊರು, ಸಿಕ್ಕಿಬಿದ್ದವನು ತುಲುಸ್ ಒಬ್ಬನೇ. ಅವನನ್ನು ಕರೆದುಕೊಂಡು ಹೋಗಿ ಆಗಲೇ ಒಂದು ರಾತ್ರಿ ಕಳೆದಿತ್ತು. ಸಸ್ಮಿತೊ ಜೀಪ್ ತೆಗೆಯಲು ಹೇಳಿದ.

ಸುಂಬರ್‌ಪಿತು ತಲುಪಿದಾಗ ಮಧ್ಯಾಹ್ನ ಒಂದೂವರೆ. ಕೋಸು ಕ್ಯಾರೆಟ್ಟಿನ ಹೊಲಗಳ ಮೇಲೆ ಮಂಜು ಇಳಿಯುತ್ತಿತ್ತು. ಪಂಚರಾಗಿ ಬರುವಂತೆ ಕೇರಿಯ ಮುಖ್ಯಸ್ಥ ಪಾಕ್ ಜುಮಾದಿಯನ್ನೂ ಪಕ್ಕದ ಮನೆಯ ರೈತನೊಬ್ಬನನ್ನೂ ಕರೆದುಕೊಂಡರು. ಪಿಕಪ್ ಆ ರೈತನದೇ. ನಿನ್ನೆ ಪೇಟೆಗೆ ಹೋಗಿ ಬರುತ್ತೇನೆಂದು ದರ್ಮೊಜೊ ಕೇಳಿ ತೆಗೆದುಕೊಂಡು ಹೋಗಿದ್ದರಂತೆ. ಹೋಗುವಾಗ ಎಂದಿನಂತೆ ಹೆಂಡತಿ ಮಕ್ಕಳ ಆರೋಗ್ಯವನ್ನೆಲ್ಲ ವಿಚಾರಿಸಿದರಂತೆ.

ಮನೆಯ ಮುಂದೆ ದರ್ಮೊಜೊ ಅವರ ಹೆಂಡತಿ ನಿಂತಿದ್ದರು. ಸಮವಸ್ತ್ರದವರನ್ನು ಕಂಡು ಸೆರಗು ಸರಿಮಾಡಿಕೊಂಡು ನಕ್ಕರು.

"ಬನ್ನಿ, ಕೂತ್ಕೊಳ್ಳಿ. ಚಹಾ ತರ್ತೀನಿ. ಅವರು ಒಳಗೆ ಕೆಲಸದಲ್ಲಿದ್ದಾರೆ."

"ಯಾವ ಕೆಲಸ, ಬು?"

ಆಕೆಯ ನಗು ಅಲ್ಲೇ ಒಡೆಯಿತು. "ನಿನ್ನೆಯಿಂದ ಬಾಗಿಲು ತೆಗೀತಿಲ್ಲ. ಎರಡು ತಟ್ಟೆ ಊಟ ಇಡು ಅಂತಾರೆ. ಇಡ್ತೀನಿ. ಒಂದು ತಟ್ಟೆ ಹಾಗೇ ವಾಪಸ್ ಬರ್ತದೆ. ನಾನೇನು ಮಾಡ್ಲಿ, ಪಾಕ್? ನೀವಾದ್ರೂ ಹೇಳಿ."

ಹಜಾರದ ಗಾಜಿನ ಬೀರುವಿನಲ್ಲಿ ಸೇವಾ ಪದಕಗಳಿದ್ದವು. ಅವುಗಳ ನಡುವೆ, ಅಷ್ಟೇ ಒಪ್ಪವಾಗಿ, ಪೆಂಗ್ವಿನ್ ಬೊಂಬೆ ಕುಳಿತಿತ್ತು. ಎಂದಾಹ್ ಅದನ್ನು ನೋಡಿ ಮುಖ ತಿರುಗಿಸಿಕೊಂಡಳು.

ಸಸ್ಮಿತೊ ಹಿಂದಿನ ಕೋಣೆಯ ಬಾಗಿಲು ಬಡಿದು ತನ್ನ ಹೆಸರು ಹೇಳಿದ. ಒಳಗಿನಿಂದ ಚಿಲಕ ತೆಗೆದ ಸದ್ದಾಯಿತು.

ದರ್ಮೊಜೊ ಇಸ್ತ್ರಿ ಮಾಡಿದ ಹಳೆಯ ಸಮವಸ್ತ್ರದಲ್ಲಿದ್ದರು. ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಕೋಣೆಯಲ್ಲಿ ಒಂದು ಮೇಜು, ಒಂದು ಟೈಪ್‌ರೈಟರ್, ಎರಡು ಕುರ್ಚಿ. ಠಾಣೆಯ ವಿಚಾರಣಾ ಕೋಣೆಯನ್ನು ಹಾಗೆಯೇ ಎತ್ತಿ ತಂದು ಇಟ್ಟಂತಿತ್ತು. ಮೇಜಿನ ತುದಿಯಲ್ಲಿ ಮೆಲಾತಿ ಅಂಗಡಿಯ ಪೆಟ್ಟಿಗೆ, ಅದಕ್ಕೆ ಜೋಡಿಸಿದ ಪರದೆ. ಎದುರು ಕುರ್ಚಿಯಲ್ಲಿ ತುಲುಸ್. ಎಡಗಣ್ಣು ಪೂರ್ತಿ ಮುಚ್ಚಿಹೋಗಿತ್ತು, ತುಟಿ ಸೀಳಿತ್ತು, ಬಲಗೈಯ ಬೆರಳುಗಳು ಬಾತುಕೊಂಡಿದ್ದವು. ಕೈಕಾಲು ಕಟ್ಟಿರಲಿಲ್ಲ. ಕಟ್ಟುವ ಅಗತ್ಯವೂ ಕಾಣಲಿಲ್ಲ.

ಎಂದಾಹ್ ಹುಡುಗನ ಬಳಿಗೆ ಓಡಿದಳು. ಉಸಿರಿತ್ತು, ಮಾತೂ ಇತ್ತು. ನೀರು ಕೇಳಿದ.

"ಕೊಮಾಂದಾನ್, ವಿಚಾರಣೆ ಇನ್ನೂ ಮುಗಿದಿಲ್ಲ," ಎಂದರು ದರ್ಮೊಜೊ. ಠಾಣೆಯ ಮುಖ್ಯಸ್ಥನನ್ನು ಕೊಮಾಂದಾನ್ ಎಂದೇ ಕರೆದರು, ದನಿ ಮೆತ್ತಗೇ ಇತ್ತು. "ಇವರು ನಿಜ ಹೇಳ್ತಾ ಇಲ್ಲ. ನಾನು ಕೇಳ್ತಿರೋದು ಒಂದೇ ಪ್ರಶ್ನೆ. ಇದರೊಳಗೆ ಎಷ್ಟಿದೆ? ಒಂದೇ ಅಂತಾರೆ. ಹಚ್ಚಿ, ಎರಡು ಸಾಲು ತೋರಿಸಿ ಕೇಳಿದ್ರೂ ಒಂದೇ ಅಂತಾರೆ. ಮೂವತ್ತು ವರ್ಷದ ಸರ್ವೀಸಿನಲ್ಲಿ ಇಂಥ ಹಟ ನಾನು ನೋಡಿಲ್ಲ."

"ಹೊಡೆದಿದ್ದೀರಿ."

"ಹೊಡೆದಿದ್ದೀನಿ. ತಪ್ಪು. ಮೊದಲು ಹೊಡೆಯೋ ಉದ್ದೇಶ ಇರಲಿಲ್ಲ. ಸಂಜೆ ಹಳ್ಳಿಯೋರು ಸೇರೋ ಗಸ್ತಿನ ಕಟ್ಟೆಗೆ ಕರ್ಕೊಂಡು ಹೋಗಿ, ಎಲ್ಲರ ಎದುರಿಗೆ ಎರಡಿದೆ ಅಂತ ಒಂದು ಮಾತು ಹೇಳಿಸಿ ವಾಪಸ್ ಬಿಟ್ಟುಬಿಡ್ತಿದ್ದೆ. ಇವರು ಒಪ್ಪಲಿಲ್ಲ."

"ನಿಮಗೆ ಎರಡಿದೆ ಅಂತ ಗೊತ್ತಾಗಿದ್ದು ಹೇಗೆ?"

"ಮಗಳ ಮನೇಲಿ ಒಂದು ಕಂಪ್ಯೂಟರ್ ಇದೆ. ಅದೇ ಅಂಗಡಿಯೋರು ಹಾಕಿಕೊಟ್ಟಿದ್ದು. ಹೋದ ವಾರ ಮೊಮ್ಮಗಳು ಆಟ ಆಡೋಕೆ ಕೂತಳು. ಕಪ್ಪು ಪರದೆ ಬಂತು, ಎರಡು ಸಾಲು. ಕೆಳಗಿನದು ಒತ್ತಿದಳು. ಇದೇನು ಪುಟ್ಟಾ ಅಂದೆ. ಅಜ್ಜನಿಗೆ ಇಷ್ಟೂ ಗೊತ್ತಿಲ್ಲ ಅಂತ ನಕ್ಕಳು." ದರ್ಮೊಜೊ ಮೇಜಿನ ಮೇಲಿನ ಪರದೆಯತ್ತ ತಿರುಗಿದರು. "ಕೊಮಾಂದಾನ್, ಅವತ್ತು ನನಗೆ ಸಿಕ್ಕಿದ ಸುಳಿವು ಸರಿಯಾಗಿತ್ತು. ನಾನು ತಪ್ಪಿರಲಿಲ್ಲ."

ಸಸ್ಮಿತೊ ದಸ್ತಗಿರಿಯ ಮಾತು ಹೇಳಿದ. ದರ್ಮೊಜೊ ತಲೆಯಾಡಿಸಿದರು. ಬೆಲ್ಟ್ ಬಿಚ್ಚಿ, ಮಡಿಸಿ ಮೇಜಿನ ಮೇಲಿಟ್ಟರು. ಕಾನೂನು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

"ಒಂದೇ ಬಿನ್ನಹ. ಪೆಟ್ಟಿಗೆ ಜಪ್ತಿ ಮಾಡ್ತೀರಲ್ಲ. ಪಂಚರ ಎದುರಿಗೆ ಒಂದು ಸಲ ಹಚ್ಚಿ. ಕಂಡಿದ್ದನ್ನ ಬರೀರಿ. ಬೇರೇನೂ ಕೇಳಲ್ಲ."

"ಬೇಡ, ಪಾಕ್," ಎಂದ ತುಲುಸ್. ನೀರು ಕೇಳಿದ್ದು ಬಿಟ್ಟರೆ ಅವನು ಪೊಲೀಸರೊಡನೆ ಆಡಿದ ಮೊದಲ ಮಾತು ಅದು. ತುಟಿಯಿಂದ ರಕ್ತ ಮತ್ತೆ ಒಸರಿತು. "ಕಂಪ್ಯೂಟರ್ ಪೆಟ್ಟಿಗೆ ಒಂದು ಅಂತ ಬರ್ಕೊಳ್ಳಿ. ಸಾಕು."

ಸಾಕಾಗುತ್ತಿತ್ತು. ಅದು ಸಸ್ಮಿತೊಗೆ ಚೆನ್ನಾಗಿ ಗೊತ್ತಿತ್ತು. ಪೆಟ್ಟಿಗೆಯ ಬಣ್ಣ, ಅಳತೆ, ಮೇಲಿನ ನಂಬರ್ ಬರೆದರೆ ಕೋರ್ಟು ಬೇರೇನನ್ನೂ ಕೇಳುವುದಿಲ್ಲ. ಬೆಳಿಗ್ಗೆ ಟೋಪಿ ಮಡಿಲಲ್ಲಿಟ್ಟುಕೊಂಡು ಬು ಪಾರ್ಮಿಗೆ ಆಡಿದ ಮಾತು ಅವನ ಕಿವಿಯಲ್ಲೇ ಇತ್ತು. ಇತ್ತ, ಬೆಲ್ಟ್ ಇಲ್ಲದೆ ಸಡಿಲವಾದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದು ನಿಂತ ಮುದುಕ. ಹುಡುಗನಿಗೆ ಈ ಗತಿ ತಂದವನು ಅವನೇ, ಅನುಮಾನವಿಲ್ಲ. ಅವನ ಮೇಲೆ ಸಿಟ್ಟೂ ಬಂದಿತ್ತು. ಆದರೆ ಜೂನ್ ತಿಂಗಳ ಸುಳ್ಳು ಪಂಚನಾಮೆಗೆ ಆ ಮನುಷ್ಯ ತನ್ನ ಕೈಯಾರೆ ಸಹಿ ಹಾಕಬೇಕಾಯಿತಲ್ಲ, ಅದೂ ನಿಜವೇ. ಎರಡು ನಿಜಗಳಲ್ಲಿ ಒಂದನ್ನು ಮಾತ್ರ ಬರೆದು ಇನ್ನೊಂದನ್ನು ಬಿಡುವುದು ಹೇಗೆ?

ಅವನು ಗುಂಡಿ ಒತ್ತಿದ.

ಪೆಟ್ಟಿಗೆ ಗುರುಗುಟ್ಟಿತು. ಕಪ್ಪು ಪರದೆ, ಬಿಳಿ ಅಕ್ಷರ. ಪಾಕ್ ಜುಮಾದಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದ.

"ಎರಡು ಸಾಲಿದೆ," ಎಂದ.

ಪಿಕಪ್ಪಿನ ರೈತನೂ ಬಗ್ಗಿ ನೋಡಿದ. "ಹೌದಲ್ಲ, ಎರಡಿದೆ." ಗಸ್ತಿನ ಕಟ್ಟೆಯಲ್ಲಿ ದರ್ಮೊಜೊ ಅವರ ನಡಿಗೆಯನ್ನು ಅಣಕಿಸುತ್ತಿದ್ದವರಲ್ಲಿ ಅವನೂ ಒಬ್ಬ. ಅವನು ದರ್ಮೊಜೊ ಅವರ ಮುಖ ನೋಡಲಾರದೆ ನೆಲ ನೋಡಿದ. ಯಾರೂ ಏನೂ ಒತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಪೆಂಗ್ವಿನ್ ತಾನಾಗಿ ಎದ್ದಿತು.

ಸಸ್ಮಿತೊ ಬರೆದ. ಪಂಚರು ಸಹಿ ಹಾಕಿದರು. ದರ್ಮೊಜೊ ಎರಡೂ ಕೈ ಮುಂದೆ ಚಾಚಿದರು. ಬೇಡಿ ಹಿಡಿದ ಸರ್ವೊನೊ ಯಾವ ಕೈಗೆ ಹಾಕಬೇಕೆಂದು ತಿಳಿಯದೆ ನಿಂತ. "ಬಲಗೈ ಮೊದಲು, ಸರ್ವೊನೊ," ಎಂದು ಅವರೇ ಹೇಳಿಕೊಟ್ಟರು.

ಆಸ್ಪತ್ರೆಯಲ್ಲಿ ತುಲುಸ್‌ನ ತುಟಿಗೆ ಹೊಲಿಗೆ ಹಾಕಿದರು. ಎರಡು ಬೆರಳು ಮುರಿದಿದ್ದವು. ಕಣ್ಣು ಉಳಿಯುತ್ತದೆ ಎಂದರು ವೈದ್ಯರು. ವೆನಿಂಗ್ ತಮ್ಮನ ಕಾಲ ಬಳಿ ಕುಳಿತಿದ್ದಳು. ಒಂದು ಕೈಯಿಂದ ಅವನ ಪಾದ ಹಿಡಿದುಕೊಂಡವಳು ಬಿಟ್ಟಿರಲಿಲ್ಲ. ಸಂಜೆ ಐದಕ್ಕೆ ಹೇಳಿಕೆ ತೆಗೆದುಕೊಳ್ಳಲು ವೈದ್ಯರು ಒಪ್ಪಿದರು. ಬು ಪಾರ್ಮಿ ಬಾಗಿಲಲ್ಲಿ ನಿಂತಿದ್ದಳು.

"ನಿನ್ನನ್ನ ಯಾಕೆ ಹೊಡೆದ್ರು?"

"ಪೆಟ್ಟಿಗೇಲಿ ಎಷ್ಟಿದೆ ಅಂತ ಕೇಳಿದ್ರು. ಒಂದೇ ಅಂದೆ. ಅದಕ್ಕೆ."

"ಅವರಿಗೆ ಗೊತ್ತಿತ್ತು ಅಂತ ನಿನಗೂ ಗೊತ್ತಿತ್ತಲ್ಲ. ಎರಡು ಅಂದಿದ್ರೆ ಬಿಟ್ಟುಬಿಡ್ತಿದ್ರು."

"ಗಸ್ತಿನ ಕಟ್ಟೆ ಮೇಲೆ ನಿಂತು ಹೇಳ್ಬೇಕಿತ್ತು, ಪಾಕ್. ಅಲ್ಲಿ ಹೇಳಿದ್ದು ಬೆಳಗಾಗೋದ್ರೊಳಗೆ ಪೇಟೆಗೆ ಇಳಿಯುತ್ತೆ. ಆಮೇಲೆ ಯಾವ ಅಂಗಡಿ ಉಳಿಯುತ್ತೆ? ಅಪ್ಪ ಹೋದ ಮೇಲೆ ನನಗೆ ಕೆಲಸ ಕೊಟ್ಟವರು ಬು ಪಾರ್ಮಿ." ಅವನು ಉಸಿರು ಎಳೆದುಕೊಂಡ. "ಪ್ರತಿ ಏಟಿಗೂ ತಾವು ಅಂತಿದ್ರು. ಕ್ಷಮಿಸಿ, ತಾವು ಹೇಳಬೇಕು, ಅಂತಿದ್ರು. ಅದೇ ಜಾಸ್ತಿ ಹೆದರಿಕೆ ಆಗ್ತಿತ್ತು."

ಸಸ್ಮಿತೊ ಪೆನ್ನು ಹಿಡಿದು ಕಾದ. ನಿಯಮದ ಪ್ರಕಾರ ಇನ್ನೊಂದು ಪ್ರಶ್ನೆ ಬಾಕಿ ಇತ್ತು.

"ಪೆಟ್ಟಿಗೇಲಿ ಎಷ್ಟಿತ್ತು?"

ತುಲುಸ್ ತೆರೆದಿದ್ದ ಒಂದು ಕಣ್ಣಿನಿಂದ ಬಾಗಿಲಲ್ಲಿದ್ದ ಯಜಮಾನಿಯನ್ನು ನೋಡಿದ.

"ಒಂದೇ," ಎಂದ.

ಸಸ್ಮಿತೊ ಹಾಗೆಯೇ ಬರೆದುಕೊಂಡ. ಪಂಚನಾಮೆಯಲ್ಲಿ ಎರಡು, ಹೇಳಿಕೆಯಲ್ಲಿ ಒಂದು. ಎರಡೂ ಒಂದೇ ಫೈಲಿಗೆ ಸೇರಿದವು. ಹೊರಗೆ ಬರುವಾಗ ಬು ಪಾರ್ಮಿ ದಾರಿಗೆ ಅಡ್ಡ ನಿಂತಳು.

"ಸುಂಬರ್‌ಪಿತುವಿನ ಮುಖ್ಯಸ್ಥ ಪೇಟೇಲೆಲ್ಲಾ ಹೇಳ್ಕೊಂಡು ಬರ್ತಿದಾನೆ, ಪಾಕ್. ಎರಡಿತ್ತು, ಇನ್ಸ್‌ಪೆಕ್ಟರೇ ಬರೆದ್ರು ಅಂತ. ಸೋಮವಾರ ನಗರದಿಂದ ತಂಡ ಬರುತ್ತಂತೆ."

"ಹೌದು, ಬು."

"ನಿಮಗೆ ಬೇಕಿಲ್ಲ ಅಂದಿದ್ರಿ."

"ಅಂದಿದ್ದೆ."

"ಹುಡುಗ ಏಟು ತಿಂದು ಕಾಪಾಡಿದ್ದನ್ನ ನೀವು ಒಂದು ಗೆರೆ ಬರೆದು ಕಳೆದ್ರಿ." ಅವಳ ದನಿ ಏರಲಿಲ್ಲ. "ಹುಡುಕಿ ತಂದುಕೊಟ್ರಲ್ಲ, ಅದಕ್ಕೆ ಕೈ ಮುಗೀತೀನಿ. ಇನ್ನೊಂದಕ್ಕೆ ಏನು ಮಾಡ್ಬೇಕೋ ನನಗೆ ಗೊತ್ತಾಗ್ತಿಲ್ಲ."

ಸಸ್ಮಿತೊಗೆ ನಾಚಿಕೆಯಾಯಿತು. ತಾನು ಬರೆದದ್ದು ಸರಿ ಎಂದೂ ಅನಿಸಿತು. ನಾಚಿಕೆ ಅದರಿಂದ ಕಡಿಮೆಯಾಗಲಿಲ್ಲ.

ಠಾಣೆಗೆ ಮರಳಿದಾಗ ಕತ್ತಲಾಗುತ್ತಿತ್ತು. ದರ್ಮೊಜೊ ಅವರನ್ನು ಆಡು ಕದ್ದವನ ಜೊತೆ ಹಾಕಲು ಯಾರಿಗೂ ಮನಸ್ಸಾಗದೆ ಪಕ್ಕದ ಕೋಣೆಯಲ್ಲಿ ಕೂರಿಸಿದ್ದರು. ವಕೀಲರು ಬೇಕೇ ಎಂದರೆ ಬೇಡ ಎಂದಿದ್ದರು. ಹೆಂಡತಿಗೆ ಫೋನ್ ಮಾಡುವಿರಾ ಎಂದರೆ ಅದೂ ಬೇಡ. ತಪ್ಪೊಪ್ಪಿಗೆಗೆ ಓದದೆಯೇ ಸಹಿ ಹಾಕಿದ್ದರು. ಹುಡುಗನ ಕಣ್ಣು ಹೇಗಿದೆ ಎಂದು ಮಾತ್ರ ಮೂರು ಸಲ ಕೇಳಿದ್ದರಂತೆ.

ಸಸ್ಮಿತೊ ತನ್ನ ಕೋಣೆಯಲ್ಲಿ ಫೈಲ್ ಕಟ್ಟುತ್ತಿದ್ದ. ಅಪರಾಧದ ಕಾರಣ ಎಂಬ ಅಂಕಣದಲ್ಲಿ ಏನು ಬರೆಯಬೇಕೆಂದು ತಿಳಿಯದೆ ಅದನ್ನು ಖಾಲಿ ಬಿಟ್ಟಿದ್ದ. ಹಣದಾಸೆಯಲ್ಲ, ಹಳೆಯ ದ್ವೇಷವಲ್ಲ. ಊರು ನಕ್ಕಿತು ಎಂದು ಬರೆದರೆ ಓದುವ ಅಧಿಕಾರಿಯೂ ನಗುತ್ತಾನೆ. ತೆರೆದ ಬಾಗಿಲಿನಿಂದ ಪಕ್ಕದ ಕೋಣೆಯ ಮಾತು ಕೇಳಿಸುತ್ತಿತ್ತು.

"ಮ್ಬಾಕ್ ಎಂದಾಹ್, ಕನ್ನಡಕ ಮನೇಲಿ ಉಳೀತು. ಪಂಚನಾಮೆಯ ಆ ಸಾಲು ಸ್ವಲ್ಪ ಓದ್ತೀರಾ?"

ಎಂದಾಹ್ ಬಂದು ಸಸ್ಮಿತೊನ ಮೇಜಿನ ಮೇಲಿದ್ದ ಹಾಳೆಯತ್ತ ನೋಡಿದಳು. ಅವನು ಎತ್ತಿ ಕೊಟ್ಟ. ಅವಳು ಹೋಗಿ ದರ್ಮೊಜೊ ಅವರ ಎದುರಿಗೆ ನಿಂತು ಓದಿದಳು.

"ಸದರಿ ಪೆಟ್ಟಿಗೆಯನ್ನು ಪಂಚರ ಸಮಕ್ಷಮದಲ್ಲಿ ಚಾಲೂ ಮಾಡಲಾಗಿ, ಅದರಲ್ಲಿ ಎರಡು ಕಾರ್ಯಾಚರಣಾ ವ್ಯವಸ್ಥೆಗಳು ಇರುವುದು ಕಂಡುಬಂದಿರುತ್ತದೆ."

ಕುರ್ಚಿ ಮುಂದಕ್ಕೆ ಎಳೆದ ಸದ್ದು ಕೇಳಿತು.

"ಇನ್ನೊಂದು ಸಲ."

ಎಂದಾಹ್ ಮತ್ತೆ ಓದಿದಳು. ಈ ಸಲ ಒಂದೊಂದೇ ಪದ ಬಿಡಿಸಿ, ಕೊನೆಯವರೆಗೆ.

"ಉಪಕಾರವಾಯ್ತು, ಮ್ಬಾಕ್," ಎಂದರು ದರ್ಮೊಜೊ. "ತಾವು ನಗದೆ ಓದಿದ್ರಿ."